ಬಯಲುಸೀಮೆಯ ಸರ್ವರ್ ಕೋಣೆಗೆ ಎಂಥ ಮೆಮೊರಿ?

2025ರ ಕೊನೆಯ ತಿಂಗಳುಗಳಿಂದ ಕಂಪ್ಯೂಟರ್ ಮೆಮೊರಿಯ ಬೆಲೆ ಹೇಗೆ ಏರಿದೆ ಎಂಬುದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ದರಪಟ್ಟಿ ತರಿಸಿದವರೆಲ್ಲ ಬಲ್ಲರು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಬೇಕಾದ ಎಚ್‌ಬಿಎಂ ಬಗೆಯ ಮೆಮೊರಿಯತ್ತ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು ದೊಡ್ಡ ತಯಾರಕರು ತಮ್ಮ ಕಾರ್ಖಾನೆಗಳ ಸಾಮರ್ಥ್ಯವನ್ನು ತಿರುಗಿಸಿದ್ದರಿಂದ ಸಾಮಾನ್ಯ ಸರ್ವರ್ ಮತ್ತು ಡೆಸ್ಕ್‌ಟಾಪ್ ಮೆಮೊರಿಗೆ ಅಭಾವ ಬಂದಿದೆ. ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ‘ಕ್ರೂಶಿಯಲ್’ ಹೆಸರಿನಲ್ಲಿ ನಡೆಸುತ್ತಿದ್ದ ವ್ಯವಹಾರವನ್ನೇ ಮುಚ್ಚುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇದರ ಪರಿಣಾಮ ತುಮಕೂರಿನ ಎಂಜಿನಿಯರಿಂಗ್ ಕಾಲೇಜಿಗೂ ಕೋಲಾರದ ಆಸ್ಪತ್ರೆಗೂ ಚಿಕ್ಕಬಳ್ಳಾಪುರದ ಸಹಕಾರಿ ಸಂಘಕ್ಕೂ ಒಂದೇ ರೀತಿ ತಟ್ಟುತ್ತದೆ: ಹೊಸ ಸರ್ವರ್ ಕೊಳ್ಳುವ ಯೋಚನೆಯನ್ನು ಮುಂದೂಡಿ, ಇರುವ ಯಂತ್ರಕ್ಕೇ ಇನ್ನಷ್ಟು ಮೆಮೊರಿ ತುಂಬಿಸಿ, ಅದರ ಆಯುಷ್ಯವನ್ನು ಎರಡು ಮೂರು ವರ್ಷ ಎಳೆಯುವುದು ಸದ್ಯಕ್ಕೆ ಜಾಣತನವಾಗಿ ಕಾಣುತ್ತದೆ.

ಆ ನಿರ್ಧಾರದಲ್ಲಿ ತಪ್ಪೇನೂ ಇಲ್ಲ. ಆದರೆ ಕೊಳ್ಳುವವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ: ಎಷ್ಟು ಜಿಬಿ, ಎಷ್ಟು ರೂಪಾಯಿ. ಒಂದೇ ಗಾತ್ರದ, ಒಂದೇ ವೇಗದ, ಹೆಚ್ಚೂಕಡಿಮೆ ಒಂದೇ ಬೆಲೆಯ ಎರಡು ಮಾಡ್ಯೂಲ್‌ಗಳು (ಮದರ್‌ಬೋರ್ಡಿನ ಸ್ಲಾಟಿಗೆ ಸಿಕ್ಕಿಸುವ ಮೆಮೊರಿ ಪಟ್ಟಿಗಳು) ಹೊರಸೂಸುವ ಶಾಖದಲ್ಲಿ ಎದ್ದುಕಾಣುವ ವ್ಯತ್ಯಾಸ ಇರಬಹುದು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ವರ್ಷವಿಡೀ 22 ಡಿಗ್ರಿಯಲ್ಲಿ ನಡೆಯುವ ದೊಡ್ಡ ದತ್ತಾಂಶ ಕೇಂದ್ರದಲ್ಲಿ ಈ ವ್ಯತ್ಯಾಸವನ್ನು ಅಲ್ಲಿನ ತಂಪು ವ್ಯವಸ್ಥೆಯೇ ನುಂಗಿಕೊಳ್ಳುತ್ತದೆ. ಒಂದು ಸ್ಪ್ಲಿಟ್ ಎಸಿ, ಒಂದು ಯುಪಿಎಸ್, ಮುಚ್ಚಿದ ಕಿಟಕಿ ಇರುವ ನಮ್ಮ ಜಿಲ್ಲೆಗಳ ಕೋಣೆಗಳಲ್ಲಿ ಅದು ಹಾಗೆ ಕರಗಿಹೋಗುವುದಿಲ್ಲ. ಇಂಥ ಕೋಣೆಗೆ ಮೆಮೊರಿಯನ್ನು ಆರಿಸುವಾಗ ಶಾಖವನ್ನೂ ಬೆಲೆಯಷ್ಟೇ ಗಂಭೀರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಕೋಣೆಯಿಂದಲೇ ಆರಂಭಿಸೋಣ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ ಹಿಡಿಯುವ ಗಾಳಿ ಸುಮಾರು 33 ಘನ ಮೀಟರ್; ಅದರ ತೂಕ 35 ಕಿಲೊ ಆಸುಪಾಸು. ಅಲ್ಲಿರುವ ಸರ್ವರ್, ಸ್ವಿಚ್, ಸ್ಟೋರೇಜ್ ಎಲ್ಲ ಸೇರಿ 2 ಕಿಲೋವ್ಯಾಟ್ ವಿದ್ಯುತ್ ಬಳಸುತ್ತಿವೆ ಎಂದಿಟ್ಟುಕೊಂಡರೆ ಆ 2 ಕಿಲೋವ್ಯಾಟ್ ಪೂರ್ತಿಯಾಗಿ ಶಾಖವಾಗಿಯೇ ಹೊರಬರುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಸರ್ವರ್‌ಗಳನ್ನು ನಡೆಸುತ್ತದೆ, ಎಸಿಯನ್ನು ನಡೆಸುವುದಿಲ್ಲ. ಹೆಚ್ಚಿನ ಕಡೆ ಎಸಿಗೆ ಜನರೇಟರ್ ಬರುವತನಕ ಕಾಯಬೇಕು, ಕೆಲವು ಕಡೆ ಜನರೇಟರಿಗೂ ಎಸಿಯ ಸಂಪರ್ಕ ಇರುವುದಿಲ್ಲ. ಗಾಳಿಯೊಂದನ್ನೇ ಲೆಕ್ಕ ಹಿಡಿದರೆ ಆ ಕೋಣೆಯ ತಾಪ 10 ಡಿಗ್ರಿ ಏರಲು ಮೂರು ನಿಮಿಷ ಸಾಕು. ಗೋಡೆ, ನೆಲ, ಕಬ್ಬಿಣದ ರ‍್ಯಾಕ್ ಒಂದಿಷ್ಟು ಶಾಖವನ್ನು ಹೀರಿಕೊಳ್ಳುವುದರಿಂದ ವಾಸ್ತವದಲ್ಲಿ ಏರಿಕೆ ಇದಕ್ಕಿಂತ ನಿಧಾನ. ಆದರೂ ಏಪ್ರಿಲ್ ಮಧ್ಯಾಹ್ನ ಮೇಲಿನ ಆರ್‌ಸಿಸಿ ಕಾದು, ಗೋಡೆಗಳೇ ಹೊರಗಿನ ಬಿಸಿಲಿನಿಂದ ಬೆಚ್ಚಗಾಗಿರುವ ಹೊತ್ತಿನಲ್ಲಿ ಅವು ಹೀರಿಕೊಳ್ಳುವುದೂ ಕಡಿಮೆ. ಅರ್ಧ ಗಂಟೆಯ ವಿದ್ಯುತ್ ಕಡಿತ ಸರ್ವರಿನ ಮುಂಭಾಗಕ್ಕೆ 35 ಡಿಗ್ರಿಯ ಗಾಳಿಯನ್ನು ತಂದು ನಿಲ್ಲಿಸುವುದು ಇಲ್ಲಿ ಅಪರೂಪದ ಸಂಗತಿಯಲ್ಲ. ಪಾವಗಡದಂಥ ಕಡೆ ಹೊರಗಿನ ಗಾಳಿಯೇ ಆ ಮಟ್ಟವನ್ನು ದಾಟುತ್ತದೆ.

ಎರಡನೆಯ ಸಂಗತಿ ಎತ್ತರದ್ದು. ತುಮಕೂರು, ಕೋಲಾರ ನಗರಗಳು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿವೆ. ಚಿಕ್ಕಬಳ್ಳಾಪುರ 900 ಮೀಟರಿನ ಆಸುಪಾಸಿನಲ್ಲಿದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ 9ರಿಂದ 10ರಷ್ಟು ಕಡಿಮೆ, ಅದೇ ತಾಪದಲ್ಲಿ ಗಾಳಿ ಅಷ್ಟೇ ತೆಳು. ಫ್ಯಾನ್ ಒಂದು ಸುತ್ತಿಗೆ ದೂಡುವ ಗಾಳಿಯ ಗಾತ್ರ ಬದಲಾಗದಿದ್ದರೂ ಅದರ ತೂಕ ಕಡಿಮೆಯಾಗುತ್ತದೆ. ಶಾಖವನ್ನು ಹೊತ್ತೊಯ್ಯುವುದು ಆ ತೂಕ. 30 ಡಿಗ್ರಿಯ ಗಾಳಿಯಲ್ಲಿ ಒಂದು ಕಿಲೋವ್ಯಾಟ್ ಶಾಖವನ್ನು 10 ಡಿಗ್ರಿ ಏರಿಕೆಯೊಳಗೆ ಸಾಗಿಸಲು ಚೆನ್ನೈ ಅಥವಾ ಮಂಗಳೂರಿನಲ್ಲಿ ಸೆಕೆಂಡಿಗೆ ಸುಮಾರು 85 ಲೀಟರ್ ಗಾಳಿ ಬೇಕಾದರೆ ಚಿಕ್ಕಬಳ್ಳಾಪುರದಲ್ಲಿ ಸುಮಾರು 95 ಲೀಟರ್ ಬೇಕು. ದತ್ತಾಂಶ ಕೇಂದ್ರಗಳ ತಾಪಮಾನಕ್ಕೆ ಮಾರ್ಗಸೂಚಿ ರೂಪಿಸುವ ಅಮೆರಿಕದ ಆಶ್ರೇ ಸಂಸ್ಥೆ ಸರ್ವರ್ ಒಳಗೆಳೆದುಕೊಳ್ಳುವ ಗಾಳಿಗೆ 18ರಿಂದ 27 ಡಿಗ್ರಿಯನ್ನು ಶಿಫಾರಸು ಮಾಡುತ್ತದೆ. ಎ2 ಎಂಬ ವರ್ಗದ ಸರ್ವರ್‌ಗಳಿಗೆ 35 ಡಿಗ್ರಿಯವರೆಗೆ ಅವಕಾಶ ಕೊಟ್ಟು, 900 ಮೀಟರಿನ ಮೇಲೆ ಪ್ರತಿ 300 ಮೀಟರಿಗೆ ಆ ಮಿತಿಯನ್ನು ಒಂದು ಡಿಗ್ರಿ ಇಳಿಸುತ್ತದೆ. ನಂದಿಬೆಟ್ಟದ ನೆತ್ತಿಯ ಮೇಲೆ ಸರ್ವರ್ ಇಟ್ಟರೆ ಮಿತಿ 33ಕ್ಕೆ ಇಳಿಯುತ್ತದೆ ಎಂದು ಇದರ ಅರ್ಥ. ನಮ್ಮ ಮೂರೂ ಪಟ್ಟಣಗಳು ಆ ಗೆರೆಯ ಅಂಚಿನಲ್ಲೇ ಇರುವುದರಿಂದ ಕಾಗದದ ಮೇಲಿನ ಮಿತಿ ಇಳಿಯುವುದಿಲ್ಲ, ಆದರೆ ವಿನ್ಯಾಸಕಾರರು ಎತ್ತರಕ್ಕಾಗಿ ಬಿಟ್ಟಿದ್ದ ಉಳಿಕೆ ಇಲ್ಲಿ ಆಗಲೇ ಮುಗಿದಿರುತ್ತದೆ.

ಶಾಖ ಮೆಮೊರಿಗೆ ಏನು ಮಾಡುತ್ತದೆ

ಮಾಡ್ಯೂಲಿನ ಮೇಲಿರುವ ಡಿರ‍್ಯಾಮ್ ಎಂಬ ಮೆಮೊರಿ ಚಿಪ್‌ನ ಪ್ರತಿಯೊಂದು ಕೋಶವೂ ಒಂದು ಸೋರುವ ಕೊಡ. ಅದರಲ್ಲಿ ತುಂಬಿಟ್ಟ ವಿದ್ಯುದಾವೇಶ ತಾನಾಗಿಯೇ ಜಿನುಗಿ ಹೋಗುತ್ತಿರುತ್ತದೆ. ಬರಿದಾಗುವ ಮುನ್ನ ಮತ್ತೆ ತುಂಬಬೇಕು. ಈ ಮರುತುಂಬುವಿಕೆಗೆ ರಿಫ್ರೆಶ್ ಎನ್ನುತ್ತಾರೆ. ಡಿಡಿಆರ್4 ಪೀಳಿಗೆಯ ಮೆಮೊರಿಯಲ್ಲಿ ಪ್ರತಿ ಕೋಶವನ್ನೂ 64 ಮಿಲಿಸೆಕೆಂಡಿಗೊಮ್ಮೆ ತುಂಬಬೇಕು, ಅದರ ನಂತರದ ಡಿಡಿಆರ್5ರಲ್ಲಿ 32 ಮಿಲಿಸೆಕೆಂಡಿಗೊಮ್ಮೆ. ಕಾವು ಹೆಚ್ಚಿದಂತೆ ಸೋರಿಕೆಯೂ ಹೆಚ್ಚುತ್ತದೆ. ಅದಕ್ಕಾಗಿಯೇ ಚಿಪ್‌ನ ಮೇಲ್ಮೈ ತಾಪ 85 ಡಿಗ್ರಿ ದಾಟಿದರೆ ರಿಫ್ರೆಶ್ ದರವನ್ನು ದುಪ್ಪಟ್ಟು ಮಾಡಬೇಕು, 95 ಡಿಗ್ರಿಯನ್ನು ದಾಟಗೊಡಬಾರದು ಎಂದು ಮೆಮೊರಿಯ ಮಾನಕಗಳನ್ನು ನಿಗದಿಪಡಿಸುವ ಜೆಡೆಕ್ ಸಂಸ್ಥೆಯ ನಿಯಮ ಹೇಳುತ್ತದೆ.

ದುಪ್ಪಟ್ಟು ಎಂಬುದರ ಬೆಲೆ ಏನು ಎಂದು ನೋಡಬೇಕು. 16 ಗಿಗಾಬಿಟ್‌ನ ಡಿಡಿಆರ್4 ಚಿಪ್ ಒಂದು ರಿಫ್ರೆಶ್ ಮುಗಿಸಲು 550 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ, ಮತ್ತು ಸಾಮಾನ್ಯ ತಾಪದಲ್ಲಿ 7,800 ನ್ಯಾನೋಸೆಕೆಂಡಿಗೊಮ್ಮೆ ಈ ಆದೇಶ ಬರುತ್ತದೆ. ಆ ಹೊತ್ತಿನಲ್ಲಿ ಆ ಸಾಲಿನ ಚಿಪ್‌ಗಳು ಬೇರೆ ಯಾವ ಕೆಲಸಕ್ಕೂ ಸಿಗುವುದಿಲ್ಲ. ಅಂದರೆ ಶೇ 7ರಷ್ಟು ಸಮಯ ರಿಫ್ರೆಶ್‌ಗೇ ಮೀಸಲು. 85 ಡಿಗ್ರಿ ದಾಟಿದೊಡನೆ ಆದೇಶ 3,900 ನ್ಯಾನೋಸೆಕೆಂಡಿಗೊಮ್ಮೆ ಬರತೊಡಗಿ ಈ ಪಾಲು ಶೇ 14ಕ್ಕೆ ಏರುತ್ತದೆ. ಮೊದಲೇ ಬಿಸಿಯಾಗಿರುವ ಚಿಪ್‌ಗೆ ಹೆಚ್ಚುವರಿ ರಿಫ್ರೆಶ್‌ನಿಂದ ಹೆಚ್ಚುವರಿ ವಿದ್ಯುತ್, ಅದರಿಂದ ಇನ್ನಷ್ಟು ಬಿಸಿ. ಇದಕ್ಕೂ ಮುಂದೆ ಹೋದರೆ ಪ್ರೊಸೆಸರ್‌ನೊಳಗಿನ ಮೆಮೊರಿ ನಿಯಂತ್ರಕ ಮಾಡ್ಯೂಲಿನ ಮೇಲಿರುವ ತಾಪ ಸೆನ್ಸರ್ ಅನ್ನು ಓದಿ ಓದು–ಬರಹದ ವೇಗವನ್ನೇ ಕಡಿತಗೊಳಿಸುತ್ತದೆ. ಬಳಸುವವರಿಗೆ ಕಾಣುವುದು ಇಷ್ಟೇ: ಮಧ್ಯಾಹ್ನ ಮೂರರ ಹೊತ್ತಿಗೆ ಬಿಲ್ಲಿಂಗ್ ತಂತ್ರಾಂಶ ನಿಧಾನವಾಯಿತು, ಸಂಜೆ ತಾನಾಗಿಯೇ ಸರಿಹೋಯಿತು. ಕಾರಣ ಹುಡುಕುವವರು ನೆಟ್‌ವರ್ಕ್ ಕೇಬಲ್‌ನಿಂದ ಹಿಡಿದು ಡೇಟಾಬೇಸ್‌ವರೆಗೆ ಎಲ್ಲವನ್ನೂ ಅನುಮಾನಿಸುತ್ತಾರೆ, ಮೆಮೊರಿಯ ತಾಪವನ್ನು ನೋಡುವುದೇ ಇಲ್ಲ.

ಶಾಖದಿಂದ ಮೆಮೊರಿ ದೋಷಗಳು ಹೆಚ್ಚುತ್ತವೆ ಎಂಬ ಮಾತನ್ನು ಮಾತ್ರ ಎಚ್ಚರದಿಂದ ಹೇಳಬೇಕು. 2009ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ಸಂಶೋಧಕರು ಆ ಕಂಪನಿಯ ಸರ್ವರ್‌ಗಳ ಮೆಮೊರಿ ದೋಷಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಶೇ 8ಕ್ಕೂ ಹೆಚ್ಚು ಮಾಡ್ಯೂಲ್‌ಗಳು ದೋಷ ತೋರಿಸಿದ್ದವು. ಆದರೆ ಬಳಕೆಯ ಒತ್ತಡವನ್ನು ಪ್ರತ್ಯೇಕಿಸಿ ನೋಡಿದಾಗ ತಾಪಮಾನದ ನೇರ ಪ್ರಭಾವ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಎಂದು ತಿಳಿದುಬಂತು. ಅದು ನಿಯಂತ್ರಿತ ತಾಪದ ದತ್ತಾಂಶ ಕೇಂದ್ರಗಳ ಅನುಭವ ಎಂಬುದನ್ನು ನೆನಪಿಟ್ಟರೂ, ಬಿಸಿಯಾದರೆ ನಾಳೆಯೇ ಮೆಮೊರಿ ಸುಟ್ಟುಹೋಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ನಿಜವಾದ ನಷ್ಟ ಮೂರು ಕಡೆ ಆಗುತ್ತದೆ: ಕೆಲಸದ ವೇಗದಲ್ಲಿ, ಫ್ಯಾನ್‌ಗಳ ವಿದ್ಯುತ್ತಿನಲ್ಲಿ, ಮತ್ತು ಕರೆಂಟ್ ಹೋದಾಗ ಸರ್ವರ್ ತಡೆದುಕೊಳ್ಳಬಲ್ಲ ನಿಮಿಷಗಳಲ್ಲಿ. ಫ್ಯಾನಿನ ಲೆಕ್ಕ ಹಲವರಿಗೆ ಅಚ್ಚರಿ ತರಬಹುದು. ಅದು ಬಳಸುವ ವಿದ್ಯುತ್ ಸುತ್ತಿನ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗವನ್ನು ಶೇ 20ರಷ್ಟು ಇಳಿಸಲು ಸಾಧ್ಯವಾದರೆ ಫ್ಯಾನಿನ ವಿದ್ಯುತ್ ಅರ್ಧಕ್ಕೆ ಬರುತ್ತದೆ. ತಂಪಾಗಿ ನಡೆಯುವ ಮಾಡ್ಯೂಲನ್ನು ಆರಿಸಿದ್ದರಿಂದ ಸರ್ವರಿನ ಫ್ಯಾನ್‌ಗಳು ಒಂದು ಹಂತ ಕೆಳಗೆ ಸುತ್ತಿದರೆ ಉಳಿಯುವ ವಿದ್ಯುತ್ ಮಾಡ್ಯೂಲಿನ ಉಳಿತಾಯಕ್ಕಿಂತ ದೊಡ್ಡದಾಗಬಹುದು.

ಲೇಬಲ್ ಓದುವ ಬಗೆ

ಮೊದಲು ನೋಡಬೇಕಾದದ್ದು ಪೀಳಿಗೆ ಮತ್ತು ವೋಲ್ಟೇಜ್. ಡಿಡಿಆರ್3 ಮೆಮೊರಿ 1.5 ವೋಲ್ಟ್‌ನಲ್ಲಿ, ಅದರ ಕಡಿಮೆ ವೋಲ್ಟೇಜಿನ ಬಗೆಯಾದ ಡಿಡಿಆರ್3ಎಲ್ 1.35 ವೋಲ್ಟ್‌ನಲ್ಲಿ, ಡಿಡಿಆರ್4 1.2 ವೋಲ್ಟ್‌ನಲ್ಲಿ, ಡಿಡಿಆರ್5 1.1 ವೋಲ್ಟ್‌ನಲ್ಲಿ ನಡೆಯುತ್ತವೆ. ಚಿಪ್‌ನೊಳಗೆ ಸಂಕೇತಗಳು ಬದಲಾಗುವಾಗ ಖರ್ಚಾಗುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ) ತಕ್ಕಂತೆ ಇರುವುದರಿಂದ 1.5ರಿಂದ 1.2ಕ್ಕೆ ಇಳಿದರೆ ಅದೇ ಕೆಲಸಕ್ಕೆ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಉಳಿತಾಯ. ನಮ್ಮ ಕಾಲೇಜು, ಕಚೇರಿಗಳಲ್ಲಿ ಇನ್ನೂ ದುಡಿಯುತ್ತಿರುವ ಡಿಡಿಆರ್3 ಸರ್ವರ್‌ಗಳಿಗೆ ಮೆಮೊರಿ ಸೇರಿಸುವವರು ಒಂದು ಅಂಶವನ್ನು ಗಮನಿಸಬೇಕು: 1.35 ವೋಲ್ಟಿನ ಮಾಡ್ಯೂಲ್‌ಗಳ ನಡುವೆ 1.5 ವೋಲ್ಟಿನದು ಒಂದೇ ಒಂದು ಸೇರಿದರೂ ಎಲ್ಲವೂ 1.5ಕ್ಕೆ ಏರುತ್ತವೆ. ಅಗ್ಗಕ್ಕೆ ಸಿಕ್ಕ ಒಂದು ತುಂಡು ಉಳಿದವುಗಳನ್ನೂ ಬಿಸಿ ಮಾಡುತ್ತದೆ.

ಡಿಡಿಆರ್5ರ ವಿಷಯದಲ್ಲಿ ವೋಲ್ಟೇಜ್ ಒಂದನ್ನೇ ನೋಡಿ ನಿರ್ಧಾರಕ್ಕೆ ಬರಲಾಗದು. 2020ರ ಜುಲೈನಲ್ಲಿ ಜೆಡೆಕ್ ಪ್ರಕಟಿಸಿದ ಈ ಮಾನಕದಲ್ಲಿ ವಿದ್ಯುತ್ ನಿಯಂತ್ರಕವನ್ನು ಮದರ್‌ಬೋರ್ಡಿನಿಂದ ತೆಗೆದು ಮಾಡ್ಯೂಲಿನ ಮೇಲೆಯೇ ಕೂರಿಸಲಾಗಿದೆ. ಸರ್ವರ್ ಮಾಡ್ಯೂಲಿಗೆ 12 ವೋಲ್ಟ್ ಬಂದು, ಅಲ್ಲೇ 1.1 ವೋಲ್ಟ್‌ಗೆ ಇಳಿಯುತ್ತದೆ. ಆ ಪರಿವರ್ತನೆಯಲ್ಲಿ ಆಗುವ ನಷ್ಟವೂ ಅಲ್ಲೇ ಶಾಖವಾಗುತ್ತದೆ. ಜೊತೆಗೆ ವೇಗ ಹೆಚ್ಚಿದೆ, ಒಂದೊಂದು ಮಾಡ್ಯೂಲಿನ ಗಾತ್ರವೂ ಹೆಚ್ಚಿದೆ. ಸಾಧಾರಣ ಡಿಡಿಆರ್4 ಸರ್ವರ್ ಮಾಡ್ಯೂಲ್ ಮೂರರಿಂದ ಐದು ವ್ಯಾಟ್ ಆಸುಪಾಸಿನಲ್ಲಿ ನಡೆದರೆ, ದೊಡ್ಡ ಗಾತ್ರದ ಡಿಡಿಆರ್5 ಮಾಡ್ಯೂಲ್ ಪೂರ್ಣ ಕೆಲಸದ ವೇಳೆ ಹತ್ತು ವ್ಯಾಟ್ ದಾಟಬಲ್ಲದು. ಹೊಸದಾದ್ದರಿಂದ ತಂಪು ಎಂದು ನಂಬಿ ಡಿಡಿಆರ್5 ಸರ್ವರನ್ನು ಇಕ್ಕಟ್ಟಾದ ರ‍್ಯಾಕಿಗೆ ತುರುಕುವುದು ಸರಿಯಲ್ಲ.

ಇನ್ನು ಚಿಪ್‌ಗಳ ಸಂಖ್ಯೆ ಮತ್ತು ಜೋಡಣೆ. ಆಯ್ಕೆಯ ತಿರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ. ಡಿಡಿಆರ್4 ಮಾಡ್ಯೂಲಿನ ಲೇಬಲ್ಲಿನಲ್ಲಿ ಗಾತ್ರದ ಪಕ್ಕದಲ್ಲೇ ‘2ಆರ್ ಬೈ 4’, ‘2ಆರ್ ಬೈ 8’, ‘1ಆರ್ ಬೈ 4’ ಎಂಬಂಥ ಗುರುತು ಇರುತ್ತದೆ. ಮೊದಲ ಅಂಕಿ ರ‍್ಯಾಂಕ್‌ಗಳ ಸಂಖ್ಯೆ, ಎಂದರೆ ಒಟ್ಟಿಗೆ ಉತ್ತರಿಸುವ ಚಿಪ್‌ಗಳ ಗುಂಪು ಎಷ್ಟಿವೆ ಎಂಬುದು; ಎರಡನೆಯದು ಪ್ರತಿ ಚಿಪ್ ಒಮ್ಮೆಗೆ ಎಷ್ಟು ಬಿಟ್ ಕೊಡುತ್ತದೆ ಎಂಬುದು. 32 ಜಿಬಿಯ ಒಂದು ಮಾಡ್ಯೂಲನ್ನೇ ತೆಗೆದುಕೊಳ್ಳಿ. ಅದನ್ನು 8 ಗಿಗಾಬಿಟ್‌ನ 36 ಚಿಪ್‌ಗಳಿಂದ ಎರಡು ರ‍್ಯಾಂಕ್‌ಗಳಾಗಿ ಕಟ್ಟಬಹುದು (8 ಗಿಗಾಬಿಟ್ ಎಂದರೆ ಒಂದು ಜಿಬಿ; ಒಂಬತ್ತು ಚಿಪ್‌ಗಳಲ್ಲಿ ಒಂದರಷ್ಟು ದೋಷ ತಿದ್ದುವ ಇಸಿಸಿಗೆ ಮೀಸಲು); ಅದು ‘2ಆರ್ ಬೈ 4’. 16 ಗಿಗಾಬಿಟ್‌ನ 18 ಚಿಪ್‌ಗಳಿಂದ ಒಂದೇ ರ‍್ಯಾಂಕಾಗಿ ಕಟ್ಟಿದರೆ ‘1ಆರ್ ಬೈ 4’. ಅದೇ 18 ಚಿಪ್‌ಗಳನ್ನು ಎಂಟು ಬಿಟ್ ಅಗಲದವುಗಳನ್ನಾಗಿ ಆರಿಸಿ, ಒಂಬತ್ತೊಂಬತ್ತರ ಎರಡು ಗುಂಪು ಮಾಡಿದರೆ ‘2ಆರ್ ಬೈ 8’. ಮೂರರ ಗಾತ್ರವೂ ಒಂದೇ, ವೇಗವೂ ಒಂದೇ ಇರಬಹುದು. ಆದರೆ ಮೊದಲನೆಯದರಲ್ಲಿ ಎರಡರಷ್ಟು ಚಿಪ್‌ಗಳಿವೆ, ಮತ್ತು ಕೆಲಸವಿಲ್ಲದ ಚಿಪ್ ಕೂಡ ರಿಫ್ರೆಶ್‌ಗಾಗಿ, ಎಚ್ಚರವಾಗಿರುವುದಕ್ಕಾಗಿ ವಿದ್ಯುತ್ ಕುಡಿಯುತ್ತಲೇ ಇರುತ್ತದೆ. ಮಾಡ್ಯೂಲಿನ ಎರಡೂ ಮುಖಗಳಲ್ಲಿ ಕಿಕ್ಕಿರಿದ 36 ಚಿಪ್‌ಗಳಿಗಿಂತ 18 ಚಿಪ್‌ಗಳ ನಡುವೆ ಶಾಖ ಹೊರಹೋಗಲು ಅನುಕೂಲವೂ ಹೆಚ್ಚು.

ಹಾಗಾದರೆ 18 ಚಿಪ್‌ಗಳ ಎರಡು ಬಗೆಗಳಲ್ಲಿ ಯಾವುದು? ‘2ಆರ್ ಬೈ 8’ ಮಾಡ್ಯೂಲಿನಲ್ಲಿ ಪ್ರತಿ ಸಲ ಒಂಬತ್ತು ಚಿಪ್‌ಗಳಷ್ಟೇ ಉತ್ತರಿಸುವುದರಿಂದ ಅದು ಸಾಮಾನ್ಯವಾಗಿ ಸ್ವಲ್ಪ ಕಡಿಮೆ ವಿದ್ಯುತ್ ಬಳಸುತ್ತದೆ. ಎರಡು ರ‍್ಯಾಂಕ್ ಇರುವುದರಿಂದ ಒಂದು ಗುಂಪು ರಿಫ್ರೆಶ್‌ನಲ್ಲಿದ್ದಾಗ ಇನ್ನೊಂದು ಕೆಲಸ ಮಾಡಬಲ್ಲದು, ಹೀಗಾಗಿ ವೇಗಕ್ಕೂ ಅನುಕೂಲ. ಆದರೆ ಒಂದು ಇಡೀ ಚಿಪ್ ಕೆಟ್ಟುಹೋದರೂ ದತ್ತಾಂಶವನ್ನು ಸರಿಪಡಿಸಿಕೊಳ್ಳುವ ಸೌಲಭ್ಯ ಬಹುತೇಕ ಸರ್ವರ್‌ಗಳಲ್ಲಿ ನಾಲ್ಕು ಬಿಟ್ ಅಗಲದ ಚಿಪ್‌ಗಳನ್ನೇ ಅವಲಂಬಿಸಿದೆ. ಆಸ್ಪತ್ರೆಯ ರೋಗಿಗಳ ದಾಖಲೆ, ಸಹಕಾರಿ ಬ್ಯಾಂಕಿನ ಖಾತೆ, ಶಿಡ್ಲಘಟ್ಟದಂಥ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜಿನ ಲೆಕ್ಕ ಇರುವ ಯಂತ್ರವಾದರೆ ಎರಡು ವ್ಯಾಟಿನ ಉಳಿತಾಯಕ್ಕಾಗಿ ಆ ರಕ್ಷಣೆಯನ್ನು ಬಿಡುವುದು ತಪ್ಪೆಂದೇ ನನ್ನ ಅಭಿಪ್ರಾಯ; ಅಲ್ಲಿ ‘1ಆರ್ ಬೈ 4’ ಆಗಬೇಕು. ಕಾಲೇಜಿನ ಪ್ರಯೋಗಾಲಯ, ಫೈಲ್ ಹಂಚಿಕೆ, ಸಿಸಿಟಿವಿ ದಾಖಲೆಯಂಥ ಕೆಲಸಕ್ಕೆ ‘2ಆರ್ ಬೈ 8’ ಸಾಕು, ಅದು ತಂಪೂ ಹೌದು.

ಎಲ್‌ಆರ್‌ಡಿಮ್ ಎಂಬ ಬಗೆಯ ಬಗ್ಗೆ ಎರಡು ಮಾತು. ಸಾಮಾನ್ಯ ಸರ್ವರ್ ಮಾಡ್ಯೂಲಾದ ಆರ್‌ಡಿಮ್‌ನಲ್ಲಿ ಆದೇಶಗಳ ದಾರಿಗೆ ಮಾತ್ರ ಇರುವಂಥ, ಸಂಕೇತವನ್ನು ನಡುವೆ ಹಿಡಿದು ದಾಟಿಸುವ ಬಫರ್ ಚಿಪ್‌ಗಳು ಇದರಲ್ಲಿ ದತ್ತಾಂಶದ ದಾರಿಗೂ ಇರುತ್ತವೆ. ಅವುಗಳಿಂದ ಸರ್ವರಿಗೆ ಅತಿ ಹೆಚ್ಚು ಮೆಮೊರಿ ತುಂಬಲು ಸಾಧ್ಯ, ಆದರೆ ಆ ಬಫರ್‌ಗಳೂ ವಿದ್ಯುತ್ ಬಳಸಿ ಬಿಸಿಯಾಗುತ್ತವೆ. 256 ಅಥವಾ 512 ಜಿಬಿಯಲ್ಲಿ ಕೆಲಸ ಮುಗಿಯುವ ಜಿಲ್ಲಾ ಮಟ್ಟದ ಸಂಸ್ಥೆಗಳಿಗೆ ಡಿಡಿಆರ್4ರಲ್ಲಿ ಅದರ ಅಗತ್ಯ ಬೀಳುವುದು ವಿರಳ. ಸಾಮಾನ್ಯ ಆರ್‌ಡಿಮ್ ಜೊತೆ ಅದನ್ನು ಬೆರೆಸಲೂ ಆಗದು.

ಮುಂದಿನ ಪ್ರಶ್ನೆ, ಒಟ್ಟು ಗಾತ್ರವನ್ನು ಎಷ್ಟು ಮಾಡ್ಯೂಲ್‌ಗಳಲ್ಲಿ ಹಂಚಬೇಕು ಎಂಬುದು. ಡಿಡಿಆರ್4 ಕಾಲದ ಇಂಟೆಲ್‌ನ ಮೂರನೆಯ ಪೀಳಿಗೆಯ ಜಿಯಾನ್ ಸ್ಕೇಲಬಲ್ (ಐಸ್ ಲೇಕ್) ಹಾಗೂ ಎಎಂಡಿಯ ಎಪಿಕ್ 7003 ಪ್ರೊಸೆಸರ್‌ಗಳಿಗೆ ತಲಾ ಎಂಟು ಮೆಮೊರಿ ಚಾನೆಲ್‌ಗಳಿವೆ, ಎಂದರೆ ಮೆಮೊರಿಗೆ ಹೋಗುವ ಎಂಟು ಪ್ರತ್ಯೇಕ ದಾರಿಗಳು. 256 ಜಿಬಿ ಬೇಕಾದಾಗ 16 ಜಿಬಿಯ ಹದಿನಾರು, 32ರ ಎಂಟು, 64ರ ನಾಲ್ಕು, ಈ ಮೂರರಲ್ಲಿ ಒಂದನ್ನು ಆರಿಸಬಹುದು. ಹದಿನಾರು ತುಂಡುಗಳು ಸ್ಲಾಟ್‌ಗಳನ್ನೆಲ್ಲ ತುಂಬಿ, ನಡುವಿನ ಸಂದುಗಳಲ್ಲಿ ಗಾಳಿ ಹಾಯುವುದನ್ನು ಕಷ್ಟಗೊಳಿಸುತ್ತವೆ. ಒಂದು ಚಾನೆಲ್‌ನಲ್ಲಿ ಎರಡು ಮಾಡ್ಯೂಲ್ ಬಂದಾಗ ಹಲವು ಸರ್ವರ್‌ಗಳಲ್ಲಿ ವೇಗವೂ ಇಳಿಯುತ್ತದೆ. ಎಎಂಡಿಯ ಎಪಿಕ್ 9004ರಲ್ಲಿ ಚಾನೆಲ್‌ಗೆ ಒಂದೇ ಡಿಡಿಆರ್5 ಮಾಡ್ಯೂಲ್ ಇದ್ದರೆ 4800, ಎರಡಾದರೆ 3600 (ಸೆಕೆಂಡಿಗೆ ದಶಲಕ್ಷ ವರ್ಗಾವಣೆಗಳ ಲೆಕ್ಕದಲ್ಲಿ) ಎಂಬಷ್ಟು ಅಂತರವಿದೆ. ನಾಲ್ಕೇ ಮಾಡ್ಯೂಲ್ ಹಾಕಿದರೆ ಶಾಖ ಅತಿ ಕಡಿಮೆ, ಆದರೆ ಅರ್ಧ ಚಾನೆಲ್‌ಗಳು ಖಾಲಿ ಉಳಿದು ಪ್ರೊಸೆಸರ್‌ಗೆ ಸಿಗುವ ದತ್ತಾಂಶದ ಹರಿವೂ ಅರ್ಧಕ್ಕೆ ಇಳಿಯುತ್ತದೆ. ಚಾನೆಲ್‌ಗೆ ಒಂದರಂತೆ ಎಂಟು ಮಾಡ್ಯೂಲ್ ಹಾಕುವುದು ಶಾಖ, ವೇಗ ಎರಡಕ್ಕೂ ಒಪ್ಪುವ ಜೋಡಣೆ. ಮುಂದೆ ಬೇಕಾಗಬಹುದು ಎಂದು ಇಂದೇ ಎಲ್ಲ ಸ್ಲಾಟ್ ತುಂಬಿಸುವ ರೂಢಿಯನ್ನಂತೂ ಬಿಡಬೇಕು. ಬಳಕೆಗೆ ಬಾರದ ಮೆಮೊರಿಯೂ ರಿಫ್ರೆಶ್ ಆಗುತ್ತಿರುತ್ತದೆ, ಹಗಲೂ ರಾತ್ರಿ ಬಿಸಿ ಸೂಸುತ್ತಿರುತ್ತದೆ. 30 ವ್ಯಾಟ್ ಹೆಚ್ಚುವರಿ ಎಂದರೆ ವರ್ಷಕ್ಕೆ ಸುಮಾರು 263 ಯೂನಿಟ್ ವಿದ್ಯುತ್. ಆ ಶಾಖವನ್ನು ಹೊರದೂಡುವ ಎಸಿಯ ಖರ್ಚು ಅದರ ಮೇಲೆ.

ಲೋಹದ ಹೊದಿಕೆಯ ಭ್ರಮೆ, ಗಾಳಿಯ ದಾರಿ

ತಂಪಿನ ಮಾತು ಬಂದೊಡನೆ ಹಲವರು ಅಲ್ಯೂಮಿನಿಯಂ ಹೊದಿಕೆ ಇರುವ ಮಾಡ್ಯೂಲ್‌ಗಳನ್ನು ಕೇಳುತ್ತಾರೆ. ಈ ನಂಬಿಕೆಗೆ ಒಂದು ಹಿನ್ನೆಲೆ ಇದೆ. 2006ರ ಸುಮಾರಿಗೆ ಇಂಟೆಲ್ ಸರ್ವರ್‌ಗಳಲ್ಲಿ ಬಂದ ಎಫ್‌ಬಿ-ಡಿಮ್ ಬಗೆಯ ಪ್ರತಿ ಮಾಡ್ಯೂಲಿನ ನಡುಭಾಗದಲ್ಲಿ ಇದ್ದ ಬಫರ್ ಚಿಪ್ ಒಂದೇ ಹಲವು ವ್ಯಾಟ್ ಬಳಸುತ್ತಿತ್ತು. ಆ ಒಂದು ಬಿಂದುವಿನ ಬಿಸಿಯನ್ನು ಉದ್ದಗಲಕ್ಕೆ ಹರಡಲು ಲೋಹದ ಹೊದಿಕೆ ನಿಜಕ್ಕೂ ಬೇಕಿತ್ತು. ಇಂದಿನ ಡಿಡಿಆರ್4 ಆರ್‌ಡಿಮ್‌ನಲ್ಲಿ ಶಾಖ ಮೊದಲೇ ಎಲ್ಲ ಚಿಪ್‌ಗಳಿಗೂ ಹಂಚಿಹೋಗಿರುತ್ತದೆ. ಸರ್ವರಿನೊಳಗೆ ಮುಂದಿನಿಂದ ಹಿಂದಕ್ಕೆ ರಭಸದಿಂದ ಹಾಯುವ ಗಾಳಿ ನೇರವಾಗಿ ಚಿಪ್‌ಗಳನ್ನು ಸವರಿಕೊಂಡು ಹೋಗಬೇಕು. ಒತ್ತೊತ್ತಾಗಿ ನಿಂತ ಸ್ಲಾಟ್‌ಗಳ ಸಂದಿಗೆ ದಪ್ಪ ಹೊದಿಕೆ ಬಂದರೆ ಆ ಗಾಳಿಯ ದಾರಿಯೇ ಕಿರಿದಾಗುತ್ತದೆ. ಗೇಮಿಂಗ್ ಕಂಪ್ಯೂಟರಿಗೆಂದು ಮಾಡಿದ ಎತ್ತರದ ಹೊದಿಕೆಗಳು 1ಯು (ರ‍್ಯಾಕಿನ ಒಂದು ಅಂತಸ್ತಿನ) ಸರ್ವರಿನಲ್ಲಿ ಹಿಡಿಸುವುದೂ ಇಲ್ಲ: ಪೆಟ್ಟಿಗೆಗೆ ರ‍್ಯಾಕಿನಲ್ಲಿ ಸಿಗುವ ಎತ್ತರವೇ 44.45 ಮಿಲಿಮೀಟರ್, ಮಾನಕ ಮಾಡ್ಯೂಲಿನ ಎತ್ತರ 31.25 ಮಿಲಿಮೀಟರ್. ದೊಡ್ಡ ಗಾತ್ರದ ಕೆಲವು ಡಿಡಿಆರ್5 ಮಾಡ್ಯೂಲ್‌ಗಳಿಗೆ ತಯಾರಕರೇ ಹೊದಿಕೆ ಹಾಕಿ ಕಳುಹಿಸುತ್ತಾರೆ, ಅದನ್ನು ಕೀಳಬಾರದು. ಬರಿಯ ಮಾಡ್ಯೂಲಿಗೆ ಹೊರಗಿನಿಂದ ತಂದು ಅಂಟಿಸುವುದು ಬೇಡ.

ಗಾಳಿಯ ದಾರಿಯ ವಿಷಯದಲ್ಲಿ ಮರುಬಳಕೆಯ ಸರ್ವರ್ ಕೊಳ್ಳುವವರು ವಿಶೇಷ ಎಚ್ಚರ ವಹಿಸಬೇಕು. ಪ್ರೊಸೆಸರ್ ಮತ್ತು ಮೆಮೊರಿಯ ಮೇಲೆ ಕೂತು ಗಾಳಿಗೆ ದಾರಿ ತೋರುವ ಕಪ್ಪು ಪ್ಲಾಸ್ಟಿಕ್ ಹೊದಿಕೆ, ಖಾಲಿ ಸ್ಲಾಟ್‌ಗಳಿಗೆ ಹಾಕುವ ಡಮ್ಮಿ ತುಂಡುಗಳು, ಖಾಲಿ ಡಿಸ್ಕ್ ಜಾಗದ ಮುಚ್ಚಳ, ಇವೆಲ್ಲ ಬೆಲೆಯಿಲ್ಲದ ಪ್ಲಾಸ್ಟಿಕ್ ಎಂದು ಕೈಯಿಂದ ಕೈಗೆ ದಾಟುವಾಗ ಕಳೆದುಹೋಗಿರುತ್ತವೆ. ಗಾಳಿ ಯಾವಾಗಲೂ ಅಡ್ಡಿ ಕಡಿಮೆ ಇರುವ ಕಡೆ ನುಗ್ಗುತ್ತದೆ. ಡಮ್ಮಿ ಇಲ್ಲದ ಖಾಲಿ ಸ್ಲಾಟಿನ ಅಗಲವಾದ ದಾರಿ ಸಿಕ್ಕರೆ ಪಕ್ಕದ ಬಿಸಿ ಮಾಡ್ಯೂಲ್‌ಗಳ ಸಂದಿಗೆ ಹೋಗುವ ಪಾಲು ಇಳಿಯುತ್ತದೆ. ಎಂಟು ಮಾಡ್ಯೂಲ್ ಸಾಕು ಎಂದು ಮೇಲೆ ಹೇಳಿದ್ದು ತಯಾರಕರು ಸೂಚಿಸಿದ ಸ್ಲಾಟ್‌ಗಳಲ್ಲಿ ಅವುಗಳನ್ನು ಹಾಕಿ, ಉಳಿದವಕ್ಕೆ ಡಮ್ಮಿ ಕೂರಿಸಿದಾಗ ಮಾತ್ರ ನಿಜವಾಗುತ್ತದೆ. ಎರಡು ಪ್ರೊಸೆಸರ್‌ಗಳು ಒಂದರ ಹಿಂದೊಂದು ಇರುವ ಇಕ್ಕಟ್ಟಿನ ಸರ್ವರ್‌ಗಳಲ್ಲಿ ಹಿಂದಿನ ಪ್ರೊಸೆಸರ್‌ನ ಮೆಮೊರಿಗೆ ಸಿಗುವುದು ಮುಂದಿನದನ್ನು ದಾಟಿ ಬಂದ ಬಿಸಿ ಗಾಳಿ. ಆಯ್ಕೆ ಇದ್ದರೆ ನಮ್ಮ ಕೋಣೆಗಳಿಗೆ ಎರಡೂ ಅಕ್ಕಪಕ್ಕ ಇರುವ 2ಯು ಯಂತ್ರವೇ ಮೇಲು. ಅದರ ಫ್ಯಾನ್‌ಗಳೂ ದೊಡ್ಡವು, ಅದೇ ಗಾಳಿಯನ್ನು ನಿಧಾನವಾಗಿ ಸುತ್ತಿ ಕೊಡಬಲ್ಲವು. ಚಿಕ್ಕಬಳ್ಳಾಪುರ, ಕೋಲಾರದ ಕಲ್ಲು ಗಣಿಗಾರಿಕೆಯ ಆಸುಪಾಸಿನ ಊರುಗಳಲ್ಲಿ ಇದಕ್ಕೆ ಧೂಳೂ ಸೇರುತ್ತದೆ: ಚಿಪ್‌ಗಳ ಮೇಲೆ ಕೂತ ನವಿರಾದ ಬೂದುಬಣ್ಣದ ಪದರ ಒಳ್ಳೆಯ ಮಾಡ್ಯೂಲಿನ ಗುಣವನ್ನೂ ಹಾಳುಮಾಡುತ್ತದೆ.

ಈಗಿರುವ ಸರ್ವರ್ ಹೇಗೆ ನಡೆಯುತ್ತಿದೆ ಎಂಬುದನ್ನು ತಿಳಿಯಲು ಹಣ ಬೇಕಿಲ್ಲ. ಡೆಲ್‌ನ ಐಡ್ರ್ಯಾಕ್, ಎಚ್‌ಪಿಇಯ ಐಎಲ್‌ಒ ಮುಂತಾದ ನಿರ್ವಹಣಾ ಪುಟಗಳಲ್ಲಿ ತಾಪದ ಅಂಕಿಗಳು ಸಿಗುತ್ತವೆ. ಲಿನಕ್ಸ್‌ನಲ್ಲಿ ಡಿಡಿಆರ್4 ಸೆನ್ಸರ್‌ಗಳನ್ನು ಜೆಸಿ42, ಡಿಡಿಆರ್5ರವನ್ನು ಎಸ್‌ಪಿಡಿ5118 ಎಂಬ ಡ್ರೈವರ್‌ಗಳು ಓದುತ್ತವೆ. ಡಿಎಂಐಡಿಕೋಡ್ ಆದೇಶ ಮಾಡ್ಯೂಲ್‌ಗಳ ರ‍್ಯಾಂಕ್, ವೋಲ್ಟೇಜ್, ವೇಗವನ್ನು ತೋರಿಸುತ್ತದೆ. ಸೆನ್ಸರ್ ಹೇಳುವುದು ತಾನು ಕೂತ ಜಾಗದ ಬಿಸಿಯನ್ನು, ಅತಿ ಬಿಸಿಯಾದ ಚಿಪ್‌ನದನ್ನಲ್ಲ. ಆದ್ದರಿಂದ ಅಂಕಿ 75 ದಾಟಿದರೆ 85ಕ್ಕೆ ಇನ್ನೂ ಹತ್ತು ಡಿಗ್ರಿ ಇದೆ ಎಂದು ನಿಶ್ಚಿಂತೆಯಿಂದ ಇರಲಾಗದು. ಏಪ್ರಿಲ್ ತಿಂಗಳ ಒಂದು ವಾರ ಮಧ್ಯಾಹ್ನದ ಅಂಕಿಗಳನ್ನು ದಾಖಲಿಸಿಟ್ಟರೆ ಹೊಸ ಮೆಮೊರಿ ಹಾಕಬಹುದೇ, ಮೊದಲು ಎಸಿಗೆ ಜನರೇಟರ್ ಸಂಪರ್ಕ ಕೊಡಿಸಬೇಕೇ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ನನ್ನ ಅಂದಾಜಿನಲ್ಲಿ ಹಲವು ಕಡೆ ಎರಡನೆಯ ಕೆಲಸವೇ ಮೊದಲು ಆಗಬೇಕಾದದ್ದು.

ಸರ್ಕಾರಿ ಸಂಸ್ಥೆಗಳು ಖರೀದಿಯಲ್ಲಿ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯಡಿ ಟೆಂಡರ್ ಕರೆದು, ಷರತ್ತುಗಳನ್ನು ಪೂರೈಸಿದವರ ಪೈಕಿ ಕಡಿಮೆ ದರದವರಿಗೆ ಕೊಡಬೇಕಾಗುತ್ತದೆ. ಷರತ್ತಿನಲ್ಲಿ ‘32 ಜಿಬಿ ಡಿಡಿಆರ್4 ಇಸಿಸಿ, ಎಂಟು’ ಎಂದಷ್ಟೇ ಬರೆದಿದ್ದರೆ 36 ಚಿಪ್‌ಗಳ ಹಳೆಯ ದಾಸ್ತಾನು ಬಂದು ಬಿದ್ದರೂ ತಿರಸ್ಕರಿಸಲು ಆಧಾರ ಇರುವುದಿಲ್ಲ. ಬೆಲೆ ಏರಿರುವ ಈ ಹೊತ್ತಿನಲ್ಲಿ ಅಂಥ ದಾಸ್ತಾನು ಬರುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ 16 ಗಿಗಾಬಿಟ್ ಚಿಪ್‌ಗಳದ್ದೇ ಆಗಬೇಕು, ರ‍್ಯಾಂಕ್ ಜೋಡಣೆ ಇಂಥದ್ದೇ ಆಗಬೇಕು, ಎಂಟೂ ಒಂದೇ ಬಗೆಯವಾಗಿರಬೇಕು, ಮಾಡ್ಯೂಲಿನ ಮೇಲೆ ತಾಪ ಸೆನ್ಸರ್ ಇರಬೇಕು, ಖಾಲಿ ಸ್ಲಾಟ್‌ಗಳ ಡಮ್ಮಿ ಹಾಗೂ ಗಾಳಿಯ ಹೊದಿಕೆ ಸರಬರಾಜಿನಲ್ಲಿ ಸೇರಿರಬೇಕು ಎಂದು ಸ್ಪಷ್ಟವಾಗಿ ಬರೆಯಬೇಕು. ಸರ್ವರ್ ಮುಂಭಾಗದ ಗಾಳಿ 32 ಡಿಗ್ರಿ ಇರುವಾಗ ಒಂದು ಗಂಟೆ ಪೂರ್ಣ ಹೊರೆಯಲ್ಲಿ ನಡೆಸಿದರೂ ಯಾವ ಮಾಡ್ಯೂಲಿನ ಸೆನ್ಸರ್ 75 ಡಿಗ್ರಿ ದಾಟಬಾರದು ಎಂಬ ಸ್ವೀಕಾರ ಪರೀಕ್ಷೆಯನ್ನೂ ಸೇರಿಸಬಹುದು. ಸರಕು ಚಳಿಗಾಲದಲ್ಲಿ ಬಂದರೆ ಪರೀಕ್ಷೆಯ ಹೊತ್ತಿನಲ್ಲಿ ಎಸಿ ನಿಲ್ಲಿಸಿ, ಕೋಣೆಯ ತಾಪ 32ಕ್ಕೆ ಏರಿದ ಮೇಲೆಯೇ ಆ ಗಂಟೆಯ ಲೆಕ್ಕ ಆರಂಭಿಸಬೇಕೆಂದು ಅದೇ ಕಲಮಿನಲ್ಲಿ ನಮೂದಿಸುವುದು ಅಗತ್ಯ. ಇಲ್ಲವಾದರೆ ಜನವರಿಯ 20 ಡಿಗ್ರಿಯ ಗಾಳಿಯಲ್ಲಿ ಎಂಥ ಮಾಡ್ಯೂಲಾದರೂ ತೇರ್ಗಡೆಯಾಗುತ್ತದೆ.